ಮಾವನ ಕಡಲಿನ ಜೀವಗಲ್ಲು

೨೦೦೩ ಜೂನ್ ೩, ಮಂಗಳವಾರ. ಹನ್ನೆರಡನೆಯ ರಾತ್ರಿ

ಮಾವನನ್ನು ಮಣ್ಣು ಮಾಡಿ ಇವತ್ತಿಗೆ ಹನ್ನೆರಡು ರಾತ್ರಿ. ನೂರು ತುಂಬುವವರೆಗೆ ದಿನವೂ ನಾಲ್ಕು ಸಾಲು ಬರೆಯಬೇಕೆಂದು ಈ ಪುಸ್ತಕ ಕೊಂಡಿದ್ದೆ. ಹನ್ನೊಂದು ದಿನ ಸುಮ್ಮನೆ ಕಳೆದು ಇವತ್ತು ಬಿಚ್ಚಿದ್ದೇನೆ. ನನ್ನ ಶ್ರದ್ಧೆ ಎಷ್ಟೆಂದು ಇದರಲ್ಲೇ ತಿಳಿಯುತ್ತದೆ.

ಮಾವನ ಊರು ನಕಾಲೊದ ಮುಂದಿನ ಕಡಲನ್ನು ಮುಚ್ಚಿದ್ದಾರೆ. ನಮ್ಮ ಫಿಜಿಯಲ್ಲಿ ಕುಲದ ಹಿರಿಯರು ಸತ್ತರೆ ನೂರು ರಾತ್ರಿ ಅವರ ಕಡಲಿಗೆ ಬಲೆಯಿಲ್ಲ, ಗಾಳವಿಲ್ಲ, ಹವಳದ ದಿಬ್ಬದ ಮೇಲೆ ಕಾಲೂ ಇಡುವಂತಿಲ್ಲ. ಗುರುತಿಗೆ ಒಂದು ಗೂಟ ನೆಟ್ಟು ಕರಿ ಬಟ್ಟೆ ಕಟ್ಟಿದ್ದಾರೆ. ನೂರನೆಯ ದಿನ ಅತ್ತೆ ಕರಿ ಉಡುಪು ಕಳಚುತ್ತಾರೆ. ಅಂದು ಬಲೆ ಇಳಿಸಿ, ಆ ಕಡಲಿನ ಮೀನಿನಲ್ಲೇ ಊರಿಗೆಲ್ಲ ಊಟ ಹಾಕಬೇಕು. ಎಷ್ಟು ಮೀನು ಬಂತೆಂದು ಸುತ್ತಲ ಹತ್ತು ಊರು ಮಾತಾಡಿಕೊಳ್ಳುತ್ತದೆ. ಸತ್ತವರಿಗೆ ಸಿಗುವ ಕೊನೆಯ ಮರ್ಯಾದೆ ಅದು.

ನನ್ನ ಸೋದರಮಾವ ಬಲು ಬಿಗಿ ಮನುಷ್ಯ. ಆದರೆ ನನ್ನ ವಿಷಯದಲ್ಲಿ ಮಾತ್ರ ಸಡಿಲ. ನಾನು ಆ ಊರಿನ ವಸು, ಎಂದರೆ ಆ ಊರ ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದವನು. ವಸು ಕೇಳಿದ್ದನ್ನು ತಾಯಿಯ ಊರಿನವರು ಇಲ್ಲ ಅನ್ನುವಂತಿಲ್ಲ, ಬೈಯುವಂತೆಯೂ ಇಲ್ಲ. ಚಿಕ್ಕವನಿದ್ದಾಗ ಅವರ ಹಂದಿಯನ್ನೇ ಕೇಳಿ ಎಳೆದುಕೊಂಡು ಬಂದಿದ್ದೆ. ಮಾವ ನಕ್ಕು ಹಗ್ಗವನ್ನೂ ಕೊಟ್ಟರು.

ಬೈಯುವ ಹಕ್ಕಿರುವುದು ಮಾವನ ಮಗ ಸಕೆಯಾಸಿಗೆ ಮಾತ್ರ. ಅದೂ ತಮಾಷೆಗೆ. ಅವನು ನನಗೆ ಭಾವ, ನಾನು ಅವನಿಗೆ ಭಾವ. ಹೀಯಾಳಿಸದಿದ್ದರೆ ನಮ್ಮಲ್ಲಿ ನೆಂಟಸ್ತಿಕೆಯೇ ಇಲ್ಲ. ಮಣ್ಣಿನ ದಿನವೂ ಬಿಡಲಿಲ್ಲ.

"ಏನ್ ಭಾವ, ಅತ್ತೂ ಅತ್ತೂ ಹಸಿವಾಯ್ತಾ? ಮೂರನೇ ಸಲ ಗೆಣಸಿಗೆ ಕೈ ಹಾಕ್ತಿದ್ದೀಯ."

"ನಿಮ್ಮಪ್ಪ ಇದ್ದಿದ್ರೆ ನಾಲ್ಕನೇದು ಅವರೇ ಹಾಕಿರೋರು. ನೀನು ಜಿಪುಣ."

ಅತ್ತೆ ಲೊಸಾನ ಅಳುತ್ತಲೇ ನಕ್ಕುಬಿಟ್ಟರು.

ಇವತ್ತು ನಾನು ಕೆಲಸ ಮಾಡುವ ಶೆಡ್ಡಿಗೆ ಬೇರೆ ಊರಿನ ಜೀವಗಲ್ಲು ಬಂತು. ಹವಳದ ದಿಬ್ಬದಿಂದ ಒಡೆದದ್ದನ್ನು ಇಲ್ಲಿ ಹದ ಮಾಡಿ, ಮೀನು ಸಾಕುವ ಗಾಜಿನ ಪೆಟ್ಟಿಗೆಗಳಿಗೆಂದು ಹೊರದೇಶಕ್ಕೆ ಕಳಿಸುತ್ತೇವೆ. ಚಿಪ್ಪೇಡಿಗಳು, ಎಳೆ ಸೀಗಡಿಗಳು ಕಲ್ಲಿನಿಂದ ಹೊರಬಿದ್ದು ನೆಲದ ಮೇಲೆ ಒದ್ದಾಡುತ್ತಿದ್ದವು. ಎಂಟು ವರ್ಷದಿಂದ ಮಾಡುತ್ತಿರುವ ಹಾಗೆ ಬಕೆಟ್ಟಿಗೆ ತುಂಬಿ ಕಡಲಿಗೆ ಬಿಟ್ಟು ಬಂದೆ. ಜೊತೆಗೆ ಕೆಲಸ ಮಾಡುವ ಅಕೋಸಿತ ಎಂದಿನಂತೆ ನಕ್ಕಳು.

ಜೂನ್ ೧೧, ಬುಧವಾರ. ಇಪ್ಪತ್ತನೆಯ ರಾತ್ರಿ

ಬಾಸ್ ಆರ್ಮೋಗಂ ಸಿಂಗಾಟೋಕ ಪೇಟೆಯಿಂದ ಬೆಳಿಗ್ಗೆಯೇ ಬಂದರು. ಅವರು ಬೆಳಿಗ್ಗೆ ಬಂದರೆ ಒಳ್ಳೆಯ ಸುದ್ದಿ ಇರುವುದಿಲ್ಲ. ಜಾಲರಿಯ ಹಲಗೆಗಳ ಮೇಲೆ ಹರಡಿದ್ದ ಕಲ್ಲುಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಮೇಲಿನ ಕೊಳವೆಗಳಿಂದ ಉಪ್ಪುನೀರು ಸುರಿಯುತ್ತಲೇ ಇತ್ತು, ಅವರ ಅಂಗಿ ಒದ್ದೆಯಾಯಿತು.

"ಎಲ್ಲ ಬಿಳಚ್ಕೊಂಡಿದೆಯಲ್ಲಪ್ಪ ಎರೋನಿ. ಬೂದುಗುಂಬಳಕಾಯಿ ತಂದು ಇಟ್ಟಂಗಿದೆ."

"ಈ ಊರುಗಳಲ್ಲಿ ಒಳ್ಳೇದು ಮುಗೀತು ಬಾಸ್. ಹದಿನೈದು ವರ್ಷದಿಂದ ಒಡೀತಾನೇ ಇದ್ದೀವಿ."

"ಅಮೆರಿಕದವನಿಗೆ ನೇರಳೆ ಕಲ್ಲೇ ಬೇಕಂತೆ. ಗಾಜಿನ ಪೆಟ್ಟಿಗೇಲಿ ಮೀನಿನ ಜೊತೆ ಇಟ್ರೆ ಹೊಳೀಬೇಕಂತೆ. ಜುಲೈ ಮುಗಿಯೋದ್ರೊಳಗೆ ನಾನೂರು ಪೆಟ್ಟಿಗೆ. ಫಿಜಿಯಲ್ಲಿ ಇಲ್ಲಾಂದ್ರೆ ಟೋಂಗಾಕ್ಕೆ ಹೋಗ್ತೀನಿ ಅಂದ. ಅವನು ಹೋದ ಅಂದ್ರೆ ಈ ಶೆಡ್ಡಿಗೆ ಬೀಗ. ಹನ್ನೊಂದು ಹೆಂಗಸ್ರು, ನೀನು, ನಾನು, ಎಲ್ರೂ ಮನೆಗೆ."

ನೇರಳೆ ಕಲ್ಲು ಎಲ್ಲಿದೆಯೆಂದು ನನಗೆ ಗೊತ್ತು, ಅವರಿಗೂ ಗೊತ್ತು. ನಕಾಲೊದಲ್ಲಿ ಮಾವ ವರ್ಷಕ್ಕೆ ಒಂದೇ ಸಲ, ತಾವು ತೋರಿಸಿದ ಜಾಗದಲ್ಲಿ ಮಾತ್ರ ಒಡೆಯಲು ಬಿಡುತ್ತಿದ್ದರು. ಹಾಗಾಗಿ ಅಲ್ಲಿ ಉಳಿದಿದೆ.

"ನೂರು ರಾತ್ರಿ ಆಗ್ಲಿ ಬಾಸ್," ಅಂದೆ.

"ಅಷ್ಟೊತ್ತಿಗೆ ನನ್ನದೂ ನೂರು ರಾತ್ರಿ ಆಗಿರತ್ತೆ," ಅಂದು ಹೊರಟರು.

ಜೂನ್ ೧೯, ಗುರುವಾರ. ಇಪ್ಪತ್ತೆಂಟನೆಯ ರಾತ್ರಿ

ಅಕೋಸಿತ ಈ ಶೆಡ್ಡಿನ ಹಳೇ ಕೈ. ಕಲ್ಲಿನ ಮೇಲೆ ಸತ್ತದ್ದನ್ನು ಅವಳಷ್ಟು ಬೇಗ ಕಂಡುಹಿಡಿಯುವವರಿಲ್ಲ. ಹದ ಮಾಡುವುದೆಂದರೆ ಅದೇ. ಕಡಲು ಬಿಟ್ಟು ಬದುಕಲಾರದ್ದು ಸಾಯುತ್ತದೆ, ಕೊಳೆಯುತ್ತದೆ. ಅದನ್ನು ಚಾಕುವಿನಲ್ಲಿ ಹೆರೆದು, ಬ್ರಷ್ಷಿನಲ್ಲಿ ಉಜ್ಜಿ, ಉಪ್ಪುನೀರು ಸುರಿಸುತ್ತ ಹೋಗಬೇಕು. ಒಂದು ಚೂರು ಕೊಳೆತದ್ದು ಉಳಿದರೂ ಪಕ್ಕದ್ದನ್ನು ತಿನ್ನುತ್ತದೆ. ಹತ್ತು ದಿನ ಆ ನಾತಕ್ಕೆ ಮೂಗು ಬಿಡುವಂತಿಲ್ಲ. ಆಮೇಲೆ ಕಲ್ಲಿನಿಂದ ಬರೀ ಕಡಲಿನ ವಾಸನೆ ಬಂದರೆ ಹದವಾಯಿತೆಂದು ಲೆಕ್ಕ.

ಇವತ್ತು ಅವಳನ್ನು ಕೇಳಿದೆ, ನೂರು ರಾತ್ರಿಯೊಳಗೆ ಯಾರಾದರೂ ಕಡಲು ತೆರೆಸಿದ್ದುಂಟೇ ಎಂದು.

"ಉಂಟಲ್ಲ. ಚಂಡಮಾರುತ ಬಂದು ಊರಿಗೆ ಅನ್ನ ಇಲ್ದಾಗ."

"ಇದೂ ಹಾಗೇ ಅಲ್ವಾ? ಹನ್ನೊಂದು ಮನೆ ಅನ್ನ."

ಅವಳು ಚಾಕು ನಿಲ್ಲಿಸದೆ ಹೇಳಿದಳು: "ನಮ್ಮ ಹೆಸರು ಹೇಳ್ಬೇಡ ಎರೋನಿ. ನಾವು ಕೇಳಿಲ್ಲ."

ಹೆಂಗಸರಿಗೆ ಕೃತಜ್ಞತೆ ಇಲ್ಲ. ಆರ್ಮೋಗಂ ಬೀಗ ಹಾಕಿದ ದಿನ ಗೊತ್ತಾಗುತ್ತದೆ.

ಜೂನ್ ೨೫, ಬುಧವಾರ. ಮೂವತ್ತನಾಲ್ಕನೆಯ ರಾತ್ರಿ

ಕೇಳಿಬಂದೆ.

ಏನನ್ನಾದರೂ ಕೇಳಲು ಹೋಗುವಾಗ ಒಪ್ಪಿಸುವ ಯಂಗೋನದ ಬೇರಿನ ದೊಡ್ಡ ಕಟ್ಟನ್ನೇ ಒಯ್ದಿದ್ದೆ. ಮಾವನ ಮನೆಯ ಚಾಪೆಯ ಮೇಲೆ ಇಟ್ಟು, ಮೂರು ಸಲ ಕೈ ಬಡಿದು, ಪದ್ಧತಿಯಂತೆ ಮಾತಾಡಿದೆ. ಸಕೆಯಾಸಿ ಅಪ್ಪನ ಜಾಗದಲ್ಲಿ ಕುಳಿತಿದ್ದ. ಬೇರು ಕುಟ್ಟಿ ಕಲಸಿ ಬಟ್ಟಲು ನನ್ನ ಕೈಗೆ ಬರುವವರೆಗೂ ತಮಾಷೆ ಮಾಡುತ್ತಿದ್ದ.

"ಇಷ್ಟು ದೊಡ್ಡ ಕಟ್ಟು ತಂದಿದ್ದೀಯ ಅಂದ್ರೆ ನನ್ನ ಹೆಂಡ್ತೀನೇ ಕೇಳಕ್ಕೆ ಬಂದಿರ್ಬೇಕು. ತಗೊಂಡ್ಹೋಗು ಭಾವ, ಹಗ್ಗನೂ ಕೊಡ್ತೀನಿ."

ನಾನು ಕಲ್ಲಿನ ಮಾತು ಎತ್ತಿದೆ. ಒಂದೇ ದಿನ, ಒಂದೇ ಇಳಿತ, ದಿಬ್ಬದ ನಡುವಿನ ಕಾಲುವೆಯ ಎಡಕ್ಕೆ ಮಾತ್ರ, ಗೂಟದ ಹತ್ತಿರ ಹೋಗುವುದಿಲ್ಲ ಅಂದೆ.

ಸಕೆಯಾಸಿ ಬಟ್ಟಲಿನಲ್ಲಿ ಉಳಿದದ್ದನ್ನೇ ನೋಡುತ್ತಿದ್ದ. ಹಿರಿಯರೊಬ್ಬರು ಕೆಮ್ಮಿದರು. ಸಕೆಯಾಸಿ ಅಂದ: "ಕಲ್ಲು ಒಡೆದ್ರೆ ಮೀನು ನಿಲ್ಲಲ್ಲ ಭಾವ. ಆಗಸ್ಟಲ್ಲಿ ಊಟ ಇದೆ. ನಿಂಗೊತ್ತು."

"ಗೊತ್ತು. ಬಲಗಡೆ ಹಾಗೇ ಇರತ್ತಲ್ಲ."

"ಸೆಪ್ಟೆಂಬರ್‌ಗೆ ಬಾ. ಕಾಲುವೆಯ ಎರಡೂ ಕಡೆ ಕೊಡ್ತೀನಿ. ನಾನೇ ಒಡೆದು ಕೊಡ್ತೀನಿ."

"ಸೆಪ್ಟೆಂಬರ್‌ಗೆ ಶೆಡ್ಡೇ ಇರಲ್ಲ."

ಆಗ ಒಳಗಿನಿಂದ ಅತ್ತೆಯ ದನಿ ಬಂತು. ಕರಿ ಉಡುಪಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. "ಸಕೆಯಾಸಿ, ಅವನು ನಮ್ಮ ಹುಡುಗಿಯ ಮಗ. ಅವನ ಹತ್ರ ಕಾರಣ ಕೇಳ್ತಾರಾ? ಕೊಡು."

ಅಷ್ಟೇ. ಎಲ್ಲರೂ ಕೈ ಬಡಿದರು. ನಾನೂ ಬಡಿದೆ. ದಾರಿಯುದ್ದಕ್ಕೂ ಎದೆ ಹಗುರಾಗಿತ್ತು. ಮಾವ ಇದ್ದಿದ್ದರೂ ಹೀಗೇ ಕೊಡುತ್ತಿದ್ದರು ಎಂದು ಅನ್ನಿಸಿತು. ಕೊಡುತ್ತಿದ್ದರೇ? ಕೊಡುತ್ತಿದ್ದರು.

ಜುಲೈ ೧, ಮಂಗಳವಾರ. ನಲವತ್ತು

ಮಧ್ಯಾಹ್ನದ ಇಳಿತಕ್ಕೆ ದಿಬ್ಬ ಪೂರಾ ಮೇಲೆದ್ದಿತ್ತು. ಊರಿನ ಗಂಡಸರು ಹಾರೆಯಿಂದ ಮೀಟಿದರು, ಹೆಂಗಸರು ಬಿದಿರ ತೆಪ್ಪಕ್ಕೆ ಹೇರಿ ದಡಕ್ಕೆ ಎಳೆದರು. ಬೇರೆ ಸಲ ಹಾಡಿಕೊಂಡು ಎಳೆಯುತ್ತಾರೆ. ಶೋಕದ ದಿನ, ಹಾಡುವ ಹಾಗಿಲ್ಲವಲ್ಲ.

ಎಂಥ ಕಲ್ಲು. ಬದನೆಕಾಯಿ ಬಣ್ಣ, ತೂತು ತೂತು, ಎತ್ತಿದರೆ ಹಗುರ. ಎಂಟು ವರ್ಷದಲ್ಲಿ ಇಂಥದ್ದು ಕಂಡಿರಲಿಲ್ಲ. ಒದ್ದೆ ಗೋಣಿ ಮುಚ್ಚಿ ಲಾರಿಗೆ ತುಂಬಿದೆವು. ಅತ್ತೆ ಬೇಯಿಸಿದ ಗೆಣಸು ಕಳಿಸಿದ್ದರು, ಮೀನಿರಲಿಲ್ಲ. ಈ ಊರಿನಲ್ಲಿ ನಲವತ್ತು ದಿನದಿಂದ ಯಾರೂ ಹಸಿ ಮೀನು ತಿಂದಿಲ್ಲ.

ಜುಲೈ ೪, ಶುಕ್ರವಾರ

ಕಲ್ಲು ಚೆನ್ನಾಗಿ ಹದ ಹಿಡಿಯುತ್ತಿದೆ. ಕೊಳೆ ಕಮ್ಮಿ. ಒಂದು ಕಲ್ಲಿನಿಂದ ಅಂಗೈಯಗಲದ ಆಕ್ಟೋಪಸ್ ಇಳಿದು ಬಾಗಿಲವರೆಗೂ ಹೋಗಿತ್ತು. ಬಕೆಟ್ಟು ಎಲ್ಲೋ ಹೋಗಿದೆ. ಹೆಂಗಸರು ಗುಡಿಸಿ ಹಾಕಿದರು. ಆರ್ಮೋಗಂ ಬಂದು ಬೆನ್ನು ತಟ್ಟಿದರು.

ಜುಲೈ ೬, ಭಾನುವಾರ

ಬೆಳಿಗ್ಗೆ ಪ್ರಾರ್ಥನೆಗೆ ಹೊರಡುವ ಹೊತ್ತಿಗೆ ಕರೆಂಟು ಹೋಯಿತು. ಎರಡನೆಯ ಸ್ತೋತ್ರದ ನಡುವೆ ಅಕೋಸಿತ ಚರ್ಚಿನ ಬಾಗಿಲಿಗೆ ಬಂದು ಕೈಸನ್ನೆ ಮಾಡಿದಳು. ಅವಳ ಮನೆ ಶೆಡ್ಡಿನ ಪಕ್ಕದಲ್ಲೇ. ಹೊರಗೆ ಹೋದೆ.

"ಪಂಪು ನಿಂತಿದೆ. ಜನರೇಟರ್ ಕೋಣೆ ಬೀಗದ ಕೈ ಕೊಡು."

"ಇವತ್ತು ಭಾನುವಾರ."

"ಭಾನುವಾರ ಅಂತ ಕಲ್ಲಿಗೆ ಗೊತ್ತಾಗಲ್ಲ. ತಗಡಿನ ಸೂರು, ಒಳಗೆ ಒಲೆ ಆಗಿದೆ."

"ಕರೆಂಟು ಬರತ್ತೆ. ಬರದಿದ್ರೆ ನಾಳೆ ಕೋಳಿ ಕೂಗೋ ಹೊತ್ತಿಗೆ ನಾನೇ ಬಂದು ಹಾಕ್ತೀನಿ."

ಹುಟ್ಟಿದಾಗಿನಿಂದ ಭಾನುವಾರ ನಾನು ಕೆಲಸಕ್ಕೆ ಕೈ ಹಾಕಿದವನಲ್ಲ, ಕೈ ಹಾಕಲು ಬೇರೆಯವರಿಗೆ ಬಿಟ್ಟವನೂ ಅಲ್ಲ. ಸಭೆಯಲ್ಲಿ ಬೈಬಲ್ ಓದುವವನು ನಾನು. ಆರ್ಮೋಗಂ ನಾಂದಿ ಪಟ್ಟಣಕ್ಕೆ ಮದುವೆಗೆ ಹೋಗಿದ್ದಾರೆ. ಇದ್ದಿದ್ದರೆ ಬೈಯುತ್ತಿದ್ದರು, ಬೈಸಿಕೊಳ್ಳುತ್ತಿದ್ದೆ.

ಒಳಗೆ ಹೋಗಿ ಸ್ತೋತ್ರ ಮುಗಿಸಿದೆ. ಮನಸ್ಸು ಶಾಂತವಾಗಿದೆ. ಈಗ ಸಂಜೆ ಐದು, ಕರೆಂಟು ಇನ್ನೂ ಬಂದಿಲ್ಲ.

ಜುಲೈ ೭, ಸೋಮವಾರ

ಎಲ್ಲ ಹೋಯಿತು.

ಬಾಗಿಲು ತೆಗೆದ ಕೂಡಲೇ ಆ ವಾಸನೆಗೆ ಇಬ್ಬರು ಹೆಂಗಸರು ವಾಂತಿ ಮಾಡಿಕೊಂಡರು. ನೇರಳೆ ಎಲ್ಲ ಬೂದಿಯಾಗಿದೆ. ಮುಟ್ಟಿದರೆ ಲೋಳೆ. ಜನರೇಟರ್ ಹಾಕಿ ಮಧ್ಯಾಹ್ನದವರೆಗೂ ನೀರು ಸುರಿಸಿದೆ, ಉಜ್ಜಿಸಿದೆ. ಸತ್ತದ್ದನ್ನು ತೊಳೆದರೆ ಏನು ಬಂತು.

ಅಕೋಸಿತ ಚಾಕು ಕೆಳಗಿಟ್ಟಳು. "ಮಾವನ ನೂರು ರಾತ್ರಿ ಮುರಿಯಕ್ಕೆ ಆಗತ್ತೆ ನಿಂಗೆ. ಭಾನುವಾರ ಒಂದು ಗುಂಡಿ ಒತ್ತಕ್ಕೆ ಆಗಲ್ಲ."

ಹೊಡೆಯಬೇಕೆನ್ನಿಸಿತು. ಅದೂ ಇದೂ ಒಂದೇ ಹೇಗಾಗುತ್ತದೆ? ಭಾನುವಾರ ದೇವರದ್ದು. ನೂರು ರಾತ್ರಿ ಊರಿನವರು ಮಾಡಿಕೊಂಡದ್ದು, ಊರಿನವರೇ ಬಿಟ್ಟುಕೊಟ್ಟರು. ನಾನು ಕದ್ದಿಲ್ಲ. ಕೇಳಿ ತಂದೆ.

ಲಾರಿ ಬಂದು ಕಲ್ಲೆಲ್ಲ ರಸ್ತೆಯ ಹೊಂಡ ತುಂಬಲು ಒಯ್ದಿತು.

ಜುಲೈ ೧೦, ಗುರುವಾರ

ಆರ್ಮೋಗಂ ಕೂಗಾಡಲಿಲ್ಲ, ಅದೇ ಭಯ. ಅಮೆರಿಕದವನಿಂದ ಆಗಸ್ಟ್ ಹದಿನೈದರವರೆಗೆ ಗಡುವು ಬೇಡಿ ತಂದಿದ್ದಾರೆ.

"ಇನ್ನೊಂದ್ಸಲ ಕೇಳು. ನಿಂಗೆ ಇಲ್ಲ ಅನ್ನಲ್ವಂತಲ್ಲ."

ಊಟ ಸೇರುತ್ತಿಲ್ಲ.

ಜುಲೈ ೨೪, ಗುರುವಾರ

ಕಂಪನಿಯ ಲಾರಿಯಲ್ಲೇ ನಕಾಲೊಗೆ ಹೋಗಿದ್ದೆ. ಯಂಗೋನ ಒಯ್ಯಲಿಲ್ಲ, ಹೋದ ಸಲ ಕೊಟ್ಟದ್ದಾಗಿದೆ. ಇಳಿದು ಚಾಪೆಯ ಮೇಲೆ ಕುಳಿತರೆ ಅರ್ಧ ದಿನ ಹೋಗುತ್ತದೆ. ಸಕೆಯಾಸಿ ರಸ್ತೆಗೇ ಬಂದ. ಲಾರಿಯ ಕಿಟಕಿಯಿಂದಲೇ ಹೇಳಿದೆ. ಊರಿನೊಳಗೆ ಟೋಪಿ ತೆಗೆಯಬೇಕಿತ್ತು, ಮರೆತಿದ್ದೆ, ವಾಪಸು ಬರುವಾಗ ನೆನಪಾಯಿತು.

ಅವನು ಕಲ್ಲು ಸತ್ತ ಸುದ್ದಿ ಕೇಳಿದ್ದನಂತೆ. "ಎಲ್ಲಾನೂ?" ಅಂದ.

"ಎಲ್ಲಾನೂ. ಈ ಸಲ ಹಾಗಾಗಲ್ಲ. ಬಲಗಡೇದು ಬೇಕು."

ಒಂದು ಗಳಿಗೆ ಕಡಲ ಕಡೆ ನೋಡಿದ. ಇವನು ಬೈದರೆ ಸರಿಯಾಗಿ ತಿರುಗಿ ಬೈಯಬೇಕೆಂದು ದಾರಿಯಲ್ಲಿ ಮಾತು ಸಿದ್ಧ ಮಾಡಿಕೊಂಡು ಬಂದಿದ್ದೆ. ಬೈಯಲಿಲ್ಲ.

"ಆಗ್ಲಿ. ಇಳಿತ ಬುಧವಾರ ಚೆನ್ನಾಗಿದೆ. ಬನ್ನಿ."

ಅಪ್ಪನ ಜಾಗಕ್ಕೆ ಬಂದ ಮೇಲೆ ಗಂಭೀರನಾಗಿದ್ದಾನೆ. ಒಳ್ಳೆಯದೇ.

ಜುಲೈ ೩೦, ಬುಧವಾರ

ಬಲಗಡೆ ಮುಗಿಯಿತು. ಗೂಟದ ಸುತ್ತಲೇ ಎಲ್ಲಕ್ಕಿಂತ ಒಳ್ಳೆಯ ಕಲ್ಲಿತ್ತು, ಬಿಟ್ಟು ಬರಲು ಮನಸ್ಸಾಗಲಿಲ್ಲ. ತೆಪ್ಪ ತಾಗಿ ಗೂಟ ಆಗಲೇ ಸಡಿಲವಾಗಿತ್ತು. ಹಾರೆ ಒಂದು ಕಮ್ಮಿ ಬಿದ್ದದ್ದರಿಂದ ಅದನ್ನೇ ಕಿತ್ತು ಕಲ್ಲು ಮೀಟಿದೆ. ಗಟ್ಟಿ ಮರ, ಮುರಿಯಲಿಲ್ಲ.

ಊರಿನವರು ಹಾರೆಗಳನ್ನು ತೆಪ್ಪದ ಮೇಲಿಟ್ಟು ದಡಕ್ಕೆ ನಡೆದರು. ಬಿಸಿಲಿಗೆ ದಣಿದಿರಬೇಕು. ಉಳಿದದ್ದನ್ನು ನಾನೂ ಲಾರಿಯ ಡ್ರೈವರನೂ ಹೇರಿದೆವು. ಕೈಯೆಲ್ಲ ಬೊಬ್ಬೆ.

ಆಗಸ್ಟ್ ೩, ಭಾನುವಾರ

ಬೆಳಿಗ್ಗೆ ಕರೆಂಟು ಹೋಗಿ ಹತ್ತು ನಿಮಿಷಕ್ಕೆ ಬಂತು. ಆ ಹತ್ತು ನಿಮಿಷದಲ್ಲಿ ನಾನು ಜನರೇಟರ್ ಹಾಕಿಯಾಗಿತ್ತು. ಪ್ರಾರ್ಥನೆಗೆ ತಡವಾಗಿ ಹೋದೆ, ಹಿಂದಿನ ಬೆಂಚಿನಲ್ಲಿ ಕುಳಿತೆ. ಇವತ್ತು ಬೈಬಲ್ ಬೇರೆಯವರು ಓದಿದರು.

ಆಗಸ್ಟ್ ೧೨, ಮಂಗಳವಾರ

ನಾನೂರು ಪೆಟ್ಟಿಗೆ ವಿಮಾನ ಹತ್ತಿತು. ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಒಂದೊಂದನ್ನೂ ನಾನೇ ನೋಡಿ ಕಳಿಸಿದೆ. ಶೆಡ್ಡು ಉಳಿಯಿತು. ಆರ್ಮೋಗಂ ನನ್ನನ್ನು ಶೆಡ್ಡಿನ ಮುಖ್ಯಸ್ಥ ಮಾಡಿದ್ದಾರೆ. ಹೆಂಗಸರು ಈಗ ಮಧ್ಯಾಹ್ನದ ಊಟಕ್ಕೆ ತೆಂಗಿನ ಮರಗಳ ಹತ್ತಿರ ಹೋಗುತ್ತಾರೆ, ನಾನೊಬ್ಬನೇ ಒಳಗೆ ತಿನ್ನುತ್ತೇನೆ. ಶೆಡ್ಡಿನಲ್ಲಿ ನಾತವಂತೆ. ನನಗೇನೂ ಗೊತ್ತಾಗುವುದಿಲ್ಲ.

ಆಗಸ್ಟ್ ೨೭, ಬುಧವಾರ

ಶನಿವಾರ ಊಟಕ್ಕೆ ಬರಬೇಕೆಂದು ಅತ್ತೆ ಹೇಳಿ ಕಳಿಸಿದ್ದಾರೆ. ಆಗಲೇ ನೂರಾಯಿತೇ? ನಾನು ಎಲ್ಲೋ ಎಣಿಕೆ ಬಿಟ್ಟಿದ್ದೇನೆ.

ಆಗಸ್ಟ್ ೩೧, ಭಾನುವಾರ

ನೆನ್ನೆಯದನ್ನು ಬರೆಯಬೇಕು.

ನಾನು ತಲುಪುವ ಹೊತ್ತಿಗೆ ಊರಿನ ಹೆಂಗಸರೆಲ್ಲ ಕಡಲಿಗೆ ಇಳಿದು ಬಲೆ ಎಳೆಯುತ್ತಿದ್ದರು. ಸುತ್ತಲ ಊರುಗಳ ಹಿರಿಯರು ಚಪ್ಪರದಲ್ಲಿ ಕುಳಿತು ನೋಡುತ್ತಿದ್ದರು. ಮೊದಲ ಬಲೆಯಲ್ಲಿ ಪಾಚಿ ಬಂತು. ಎರಡನೆಯದರಲ್ಲೂ ಅಷ್ಟೇ. ಬಿಸಿಲೇರುವವರೆಗೂ ಜಾಗ ಬದಲಿಸಿ ಬದಲಿಸಿ ಎಳೆದರು. ದಿಬ್ಬವಿದ್ದ ಕಡೆಯೆಲ್ಲ ನೀರು ಸುಣ್ಣ ಕಲಸಿದಂತೆ ಬೆಳ್ಳಗಿತ್ತು. ಹನ್ನೊಂದು ಗಂಟೆಗೆ ಒಂದು ಮೀನು ಸಿಕ್ಕಿತು, ಮೊಳಕ್ಕಿಂತ ಸ್ವಲ್ಪ ಕಮ್ಮಿ ಉದ್ದದ್ದು. ಅದನ್ನು ಹಿಡಿದವಳು ಮೇಲೆತ್ತಿ ತೋರಿಸಲೂ ಇಲ್ಲ. ಬಟ್ಟೆಯ ಮಡಿಲಲ್ಲಿ ಮುಚ್ಚಿಕೊಂಡು ದಡಕ್ಕೆ ಬಂದಳು.

ಸಕೆಯಾಸಿ ಯಾರನ್ನೋ ಅಂಗಡಿಗೆ ಓಡಿಸಿದ. ಡಬ್ಬಿ ಮೀನು ಬಂತು. ನೆಲದ ಒಲೆಯಲ್ಲಿ ಬೆಂದ ಗೆಣಸು, ಕೆಸುವಿನ ಗಡ್ಡೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಸೊಪ್ಪು, ಡಬ್ಬಿ ಮೀನು. ಮಾವನ ನೂರನೆಯ ದಿನಕ್ಕೆ ಡಬ್ಬಿ ಮೀನು. ಹೊರ ಊರಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಅಷ್ಟು ಮರ್ಯಾದೆ ಉಳಿಸಿದರು. ಅತ್ತೆ ಕರಿ ಉಡುಪು ಕಳಚಿ ಹೂವಿನ ಬಟ್ಟೆ ಉಟ್ಟು ಬಂದು ಕುಳಿತರು. ಬಹಳ ಸಣ್ಣಗಾಗಿದ್ದರು.

ಉದ್ದಕ್ಕೆ ಹಾಸಿದ ಚಾಪೆಯ ತಲೆಯ ಕಡೆ ನನ್ನನ್ನು ಕೂರಿಸಿದರು. ವಸುವಿಗೆ ಮೊದಲ ಬಡಿಸುವಿಕೆ. ಬಾಳೆಯೆಲೆಯ ಮೇಲೆ ಆ ಮೀನನ್ನು ಇಡಿಯಾಗಿ ತಂದು ನನ್ನ ಮುಂದಿಟ್ಟರು.

"ಇದು ಅತ್ತೆಗೆ," ಅಂದೆ.

"ನಿಮ್ಮದು ಅದು," ಅಂದ ಸಕೆಯಾಸಿ.

"ಭಾವ, ನನ್ನ ಕೈಲಿ ತಿನ್ನಕ್ಕಾಗಲ್ಲ. ಏನಾದ್ರೂ ಬೈಯೋ. ಹಂದಿ ಅನ್ನು. ಮೊದಲು ಅಂತಿದ್ದೆಯಲ್ಲ."

ಅವನು ತಲೆ ತಗ್ಗಿಸಿ, ಹೊರಗಿನವರ ಮುಂದೆ ಕೈ ಬಡಿಯುವ ಹಾಗೆ ಮೆಲ್ಲಗೆ ಮೂರು ಸಲ ಕೈ ಬಡಿದ. "ನಮ್ಮಿಂದ ಏನಾದ್ರೂ ಕಮ್ಮಿ ಆಗಿದ್ರೆ ಹೇಳಿ. ಇನ್ನೇನು ಬೇಕಿದ್ರೂ ಕೇಳಿ. ಇಲ್ಲ ಅನ್ನಲ್ಲ."

ನಾನು ಅತ್ತೆಯ ಕಡೆ ತಿರುಗಿದೆ. ಅವರಾದರೂ ಒಂದು ಮಾತು ಹೇಳುತ್ತಾರೆಂದುಕೊಂಡೆ. ಅವರು ಒಂದು ಬೀಸಣಿಗೆ ತೆಗೆದುಕೊಂಡು ನನ್ನ ಎಲೆಯ ಮೇಲಿನ ನೊಣ ಓಡಿಸತೊಡಗಿದರು.

"ತಿನ್ನಪ್ಪ. ಆರಿಹೋಗತ್ತೆ. ನೀನು ಕೈ ಹಾಕದೆ ಬೇರೆಯವರು ತಿನ್ನೋ ಹಾಗಿಲ್ಲ."

ನೂರಿಪ್ಪತ್ತು ಜನ ಕಾಯುತ್ತಿದ್ದರು. ಮಕ್ಕಳು ಬೆಳಗಿನಿಂದ ಹಸಿದಿದ್ದವು. ಎಲೆ ಬಿಟ್ಟು ಏಳೋಣವೆಂದರೆ ಅದು ಆ ಮನೆಗೆ ಇನ್ನೊಂದು ಅವಮಾನ. ಕೈ ಹಾಕಿದೆ. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದೆ. ಎರಡನೆಯದು ಇಳಿಯಿತು. ಆಮೇಲೆ ಎಲ್ಲವೂ ಇಳಿಯಿತು. ಡಬ್ಬಿಗಳನ್ನು ತೆರೆಯುವ ಸದ್ದು ಚಾಪೆಯ ಆ ತುದಿಯವರೆಗೂ ಕೇಳಿತು.

ರುಚಿಯಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ರುಚಿಯಾಗಿತ್ತು. ಮುಳ್ಳೊಂದೇ ಉಳಿಯುವವರೆಗೆ ತಿಂದೆ.